ನೂಲನ್ನು ದೂರುವ ಮೊದಲು ಮಗ್ಗದ ಮೂಲೆ ಅಳೆಯಿರಿ

ಆರಿದ್ರಾ ಮಳೆ ಹಿಡಿದು ವಾರ ಕಳೆದರೆ ಸಾಕು, ತಾಳಗುಪ್ಪ, ಹೆಗ್ಗೋಡು ಕಡೆಯ ಮಗ್ಗಗಳಲ್ಲಿ ಒಂದೇ ದೂರು: ಬಟ್ಟೆಯ ಒಂದು ಅಂಚು ಬಿಗಿ, ಇನ್ನೊಂದು ಸಡಿಲ; ಹೊಕ್ಕು ಓರೆ. ಕೂಡಲೇ ನೂಲು ಬದಲಿಸುತ್ತಾರೆ, ಹಣಿಗೆ ಬದಲಿಸುತ್ತಾರೆ. ಹೆಚ್ಚಿನ ಸಲ ತಪ್ಪಿರುವುದು ಚೌಕಟ್ಟಿನಲ್ಲಿ.

ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ 1990ರ ದಶಕದಲ್ಲಿ ಶುರುವಾದ ಚರಕ ಮಹಿಳಾ ಸಹಕಾರ ಸಂಘ ಇಲ್ಲಿನ ಹೆಣ್ಣುಮಕ್ಕಳ ಕೈಗೆ ಲಾಳಿ ಕೊಟ್ಟಿತು. ಆದರೆ ನೇಯಲು ಕಲಿತವರೆಲ್ಲ ಮಗ್ಗ ಬಿಚ್ಚಿ ಕಟ್ಟಲು ಕಲಿತಿರುವುದಿಲ್ಲ. ಬಡಗಿಯ ದಾರಿ ಕಾಯುತ್ತಾರೆ. ಕೆಳಗಿನ ಕೆಲಸಗಳಿಗೆ ಬಡಗಿ ಬೇಡ.

1. ನೆಲ: ಮಗ್ಗದ ನಾಲ್ಕೂ ಕಾಲಿನ ಅಡಿಗೆ ಚಪ್ಪಡಿ ಕಲ್ಲಿರಲಿ. ಜಂಬಿಟ್ಟಿಗೆ ಬೇಡ, ಅದು ನೀರು ಹೀರುತ್ತದೆ. ಗಾರೆಯವರ ನೀರಿನ ಪೈಪಿನಿಂದ ಮಟ್ಟ ನೋಡಿ.

2. ಮೂಲೆ: ಮರ ತೇವ ಕುಡಿದಾಗ ಉದ್ದಕ್ಕೆ ಬೆಳೆಯುವುದು ಅತಿ ಕಡಿಮೆ, ಅಡ್ಡಕ್ಕೆ ಉಬ್ಬುತ್ತದೆ. ಬೇಸಿಗೆಯಲ್ಲಿ ಸಂದು ಸಡಿಲವಾಯಿತೆಂದು ಸುತ್ತಿಗೆಯಲ್ಲಿ ಬಡಿದ ಬೆಣೆಯೇ ಮಳೆಗಾಲದಲ್ಲಿ ಚೌಕಟ್ಟನ್ನು ಓರೆಗೆ ತಳ್ಳುತ್ತದೆ, ಕೆಲವೊಮ್ಮೆ ಕಂಬವನ್ನೇ ಸೀಳುತ್ತದೆ. ಮೊದಲು ಹಾಸಿನ ಬಿಗಿ ಪೂರ್ತಿ ಇಳಿಸಿ. ಚೌಕಟ್ಟಿನ ಮೇಲ್ಭಾಗದಲ್ಲಿ ಎದುರುಬದುರು ಮೂಲೆಗಳ ನಡುವೆ ಎರಡೂ ಕರ್ಣಗಳನ್ನು ಅಳೆಯಿರಿ. ಸ್ಟೀಲ್ ಟೇಪಿನಲ್ಲೇ ಅಳೆಯಬೇಕು. ದಾರ ಜಗ್ಗುತ್ತದೆ, ನಂಬಬೇಡಿ. ಎರಡೂ ಸಮ ಇರಬೇಕು. ಯಾವ ಕರ್ಣ ಉದ್ದವೋ ಅದರ ಮೂಲೆಗಳನ್ನು ಒಳಕ್ಕೆ ಒತ್ತಿ, ಬೆಣೆ ಹದವಾಗಿ ಕೂರಿಸಿ, ಮತ್ತೆ ಅಳೆಯಿರಿ.

ಇಲ್ಲಿಗೇ ನಿಲ್ಲಿಸುವವರು ತುಂಬ ಜನ. ಕರ್ಣ ಸಮ ಬಂದ ಮಾತ್ರಕ್ಕೆ ಮಗ್ಗ ಸರಿಯಾಯಿತೆಂದಲ್ಲ. ಎಡಪಕ್ಕದ ಅಡ್ಡಪಟ್ಟಿ ಬಲಪಕ್ಕದ್ದಕ್ಕಿಂತ ಗಿಡ್ಡವಾಗಿದ್ದರೂ ಕರ್ಣಗಳು ಸಮ ಬರಬಹುದು, ಆಗ ಹಾಸಿನ ಬೀಮು ಮತ್ತು ಬಟ್ಟೆ ಸುತ್ತುವ ಬೀಮು ಒಂದು ತುದಿಯಲ್ಲಿ ಹತ್ತಿರ, ಇನ್ನೊಂದು ತುದಿಯಲ್ಲಿ ದೂರ ನಿಂತಿರುತ್ತವೆ. ಆದ್ದರಿಂದ ಎರಡು ಬೀಮುಗಳ ನಡುವಿನ ಅಂತರವನ್ನು ಎಡಗಡೆಯೂ ಬಲಗಡೆಯೂ ಅಳೆಯಿರಿ. ಇದೊಂದು ಅಳತೆ ತಪ್ಪಿದರೆ ಒಂದು ಅಂಚಿನ ಎಳೆಗಳು ಬಿಗಿದು ಹರಿಯುತ್ತವೆ, ಇನ್ನೊಂದು ಅಂಚಿನವು ಜೋತು ಲಾಳಿಗೆ ಸಿಕ್ಕಿಕೊಳ್ಳುತ್ತವೆ. ಎಂಥ ಒಳ್ಳೆಯ ನೂಲು ತಂದರೂ ಇದು ಸರಿಹೋಗದು.

3. ಹಣಿಗೆ: ಉಕ್ಕಿನ ಹಣಿಗೆಗೆ ತುಕ್ಕು ಹಿಡಿಯದಿರಲೆಂದು ಕೊಬ್ಬರಿ ಎಣ್ಣೆ ಸವರುವುದನ್ನು ದಯವಿಟ್ಟು ಬಿಡಿ. ಎಣ್ಣೆ ಎಳೆಗೆ ಹತ್ತುತ್ತದೆ, ಅದಕ್ಕೆ ಧೂಳು ಹತ್ತುತ್ತದೆ. ನಮ್ಮ ಕಡೆ ಇನ್ನೂ ಒಂದು ತೊಂದರೆಯಿದೆ. ಅಡಿಕೆ ಚೊಗರಿನಲ್ಲಿ ಬಣ್ಣ ಕಟ್ಟಿದ ನೂಲಿಗೆ ಕಬ್ಬಿಣದ ತುಕ್ಕು ತಾಗಿದರೆ ಕಪ್ಪು ಕಲೆ ಕೂರುತ್ತದೆ, ಒಗೆದರೆ ಹೋಗುವುದಿಲ್ಲ. ಹಾಸು ಇಲ್ಲದಾಗ ಹಣಿಗೆ ಬಿಚ್ಚಿ, ಒಣ ಬ್ರಷ್ಷಿನಿಂದ ಹಲ್ಲುಗಳ ಉದ್ದಕ್ಕೆ ಉಜ್ಜಿ. ತುಕ್ಕು ಗಟ್ಟಿಯಾಗಿದ್ದರೆ ಸೀಮೆಎಣ್ಣೆ ಹಚ್ಚಿ ತೆಗೆದು, ಪೂರ್ತಿ ಒರೆಸಿ, ಹಳೆಯ ನೂಲು ಪೋಣಿಸಿ ಎಳೆದು ನೋಡಿ. ಎಳೆ ಬಿಳಿಯಾಗೇ ಬರುವ ತನಕ ಹೊಸ ಹಾಸು ಏರಿಸಬೇಡಿ. ಬಳಸದ ಹಣಿಗೆ ಒಲೆಯ ಮೇಲಿನ ಅಟ್ಟದಲ್ಲಿ ಕಾಗದ ಸುತ್ತಿ ಇರಲಿ. ನೂಲನ್ನು ಮಾತ್ರ ಅಲ್ಲಿಡಬೇಡಿ, ಹೊಗೆ ಹಿಡಿಯುತ್ತದೆ.

4. ಲಾಳಿ: ಹತ್ತಿಯ ತುಣುಕನ್ನು ಲಾಳಿಯ ಮೈಮೇಲೆ ಸವರಿ. ಎಲ್ಲಿ ಹತ್ತಿ ಸಿಕ್ಕಿತೋ ಅಲ್ಲೊಂದು ಸಿಬಿರಿದೆ. ನುಣುಪು ಮರಳುಕಾಗದದಿಂದ ತಿಕ್ಕಿ. ಲಾಳಿ ಓಡುವ ಹಲಗೆಗೆ ಎಣ್ಣೆ ಬೇಡ, ಮೇಣದಬತ್ತಿ ಉಜ್ಜಿದರೆ ಸಾಕು. ಎಣ್ಣೆ ಬೇಕಾಗಿರುವುದು ತಿರುಗುವ ಕಬ್ಬಿಣದ ಭಾಗಕ್ಕೆ ಮಾತ್ರ, ಅದೂ ಒಂದು ಹನಿ.

5. ಹಗ್ಗ: ಹತ್ತಿ ಹಗ್ಗ ತೇವಕ್ಕೆ ಉಬ್ಬಿ ಗಿಡ್ಡವಾಗುತ್ತದೆ. ಪೆಡಲ್ ಮೇಲೆದ್ದಿದ್ದರೆ, ಲಾಳಿಯ ದಾರಿ ಚಿಕ್ಕದಾಗಿದ್ದರೆ ಹಗ್ಗ ಬಿಚ್ಚಿ ಮಟ್ಟಮಾಡಿ ಕಟ್ಟಿ. ನೈಲಾನ್ ಹಗ್ಗವಾದರೆ ಈ ಕಾಟ ಕಡಿಮೆ.

6. ಸಂಜೆ: ಏಳುವಾಗ ಹಾಸಿನ ಬಿಗಿ ಒಂದು ಹಲ್ಲು ಇಳಿಸಿ. ಗಂಜಿ ಹಾಕಿದ ಹಾಸನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಬೂಷ್ಟು ಖಂಡಿತ.

ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 1905ರಲ್ಲಿ ಕಲ್ಕತ್ತದಲ್ಲಿ ಸ್ವದೇಶಿ ಚಳವಳಿ ಘೋಷಣೆಯಾದ ದಿನವದು. ನಮ್ಮಲ್ಲಿ ಆಶ್ಲೇಷ ಮಳೆಯ ಕಾಲ, ಮರ ಉಬ್ಬಿರುವ ಹೊತ್ತು. ಆ ದಿನವೊಮ್ಮೆ, ಶಿವರಾತ್ರಿ ಕಳೆದು ಮರ ಒಣಗಿದ ಮೇಲೊಮ್ಮೆ ಮಗ್ಗ ಅಳೆಯುವ ರೂಢಿ ಮಾಡಿಕೊಳ್ಳಿ. ಅಳತೆಗಳನ್ನು ಚೌಕಟ್ಟಿನ ಮೇಲೇ ಪೆನ್ಸಿಲಿನಲ್ಲಿ ಬರೆದಿಡಿ, ಮುಂದಿನ ಸಲ ಎಷ್ಟು ಸರಿದಿದೆ ಎಂಬುದು ಗೊತ್ತಾಗುತ್ತದೆ.