ಕಡಸಿನ ಬೆದೆ: ವಾಸನೆಯ ಪಾತ್ರ



ಹೋರಿಯು ಹಸುವಿನ ಮೂತ್ರ ಮೂಸಿ ಮೇಲ್ತುಟಿ ಎತ್ತಿ ನಿಲ್ಲುವುದನ್ನು ತಾವು ನೋಡಿದ್ದೀರಿ. ಅಂಗುಳಿನ ಮೇಲಿರುವ ವಿಶೇಷ ಅಂಗವೊಂದು ಆ ವಾಸನೆಯ ಸಂದೇಶವನ್ನು ಮಿದುಳಿಗೆ ಮುಟ್ಟಿಸುತ್ತದೆ. ಇಂಥ ರಾಸಾಯನಿಕಗಳಿಗೆ ಫೆರೊಮೋನ್ ಎಂದು ಹೆಸರು.

ಗಂಡಿನ ವಾಸನೆ ಸಿಕ್ಕಿದ ಹೆಣ್ಣು ಸುಂಡಿಲಿಮರಿಗಳು ಬೇಗ ಪ್ರಾಯಕ್ಕೆ ಬರುತ್ತವೆಂದು ಅಮೆರಿಕದ ವಿಜ್ಞಾನಿ ವ್ಯಾಂಡನ್‌ಬರ್ಗ್ 1960ರ ದಶಕದಲ್ಲಿ ತೋರಿಸಿದರು. ಈ ಸಂದೇಶದಿಂದ ಮಿದುಳಿನಲ್ಲಿ ಹಾರ್ಮೋನು ಬಿಡುಗಡೆಯಾಗಿ, ಪಿಟ್ಯುಟರಿ ಗ್ರಂಥಿಯ ಮೂಲಕ ಅಂಡಾಶಯ ಎಚ್ಚರಗೊಳ್ಳುತ್ತದೆ. 1982ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೋರಿಯ ಮೂತ್ರ ತಾಗಿಸಿದ ಕಡಸುಗಳಲ್ಲಿ ಹೆಚ್ಚಿನವು ಬೇಗ ಪ್ರಾಯಕ್ಕೆ ಬಂದವು.

ಹಾಗೆಂದು ಬೀದಿ ಹೋರಿಯನ್ನು ಕೊಟ್ಟಿಗೆಗೆ ಬಿಡಬೇಡಿ. ಕಂದು ಹಾಕುವ ರೋಗ ಹರಡೀತು. ಮೈ ತುಂಬದ ಕಡಸಿಗೆ ವಾಸನೆಯೊಂದರಿಂದಲೇ ಬೆದೆ ಬರುವುದಿಲ್ಲ. ಸಂತೆಮರಹಳ್ಳಿ ಸುತ್ತಿನ ಮನೆಗಳಲ್ಲಿ ಒಂಟಿಯಾಗಿ ಕಟ್ಟಿದ ಕಡಸಿನ ಬೆದೆಯನ್ನು ಹೋರಿಯ ಮೂಗಿನ ಬದಲು ನಿಮ್ಮ ಕಣ್ಣೇ ಗುರುತಿಸಬೇಕು.

1. ಹಸಿರು ಮೇವು, ಖನಿಜ ಮಿಶ್ರಣ ಕೊಡಿ, ಜಂತುನಾಶಕ ಕುಡಿಸಿ.
2. ಮಿಶ್ರತಳಿ ಕಡಸು ಸುಮಾರು 250 ಕಿಲೋ ತೂಗಿದ ಮೇಲೆ ಗರ್ಭಧಾರಣೆ ಮಾಡಿಸಿ.
3. ಬೆಳಿಗ್ಗೆ, ಸಂಜೆ ಗಮನಿಸಿ: ಕೂಗು, ಪಾರದರ್ಶಕ ಲೋಳೆ, ಬೇರೆ ದನ ಹತ್ತಿದಾಗ ಅಲುಗದೆ ನಿಲ್ಲುವುದು.
4. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ.

ಒಂದು ಬೆದೆ ತಪ್ಪಿದರೆ 21 ದಿನದ ಮೇವು ನಷ್ಟ. ವಯಸ್ಸಾದರೂ ಬೆದೆ ಕಾಣದಿದ್ದರೆ ಪಶುವೈದ್ಯರಿಗೆ ತೋರಿಸಿ.