ಗೈಡ್‌ನಲ್ಲಿ ಉತ್ತರ ಸಿಗದ ಪ್ರಶ್ನೆ

ಮಸ್ಕಿ, ಸಿಂಧನೂರು, ಲಿಂಗಸುಗೂರು ಕಡೆಯ ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆಗಳನ್ನು ನೋಡುವಾಗ ಒಂದು ಪ್ರಶ್ನೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ‘ಮಸ್ಕಿ ಶಾಸನ ಏಕೆ ಮಹತ್ವದ್ದು?’ ನೀಲನಕ್ಷೆಯಲ್ಲಿ ಅದರ ಮುಂದೆ ‘ತಿಳುವಳಿಕೆ’ ಎಂದೋ ‘ವಿಶ್ಲೇಷಣೆ’ ಎಂದೋ ಬರೆದಿರುತ್ತದೆ. ‘ಅದರಲ್ಲಿ ಅಶೋಕನ ಹೆಸರು ಇದೆ’ ಎಂದು ಮಕ್ಕಳು ಒಂದೇ ಉಸಿರಿಗೆ ಬರೆಯುತ್ತಾರೆ. ಇದು ಬಾಯಿಪಾಠ. ವಿಶ್ಲೇಷಣೆ ಮಾಡಿದವರು ಪಠ್ಯಪುಸ್ತಕ ಬರೆದವರು, ಮಗುವಲ್ಲ.

ಈ ಮಟ್ಟಗಳ ಮೂಲವಾದ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರ ವರ್ಗೀಕರಣ ಬಂದದ್ದು 1956ರಲ್ಲಿ, ಪರಿಷ್ಕೃತ ರೂಪ 2001ರಲ್ಲಿ. ಸ್ಮರಣೆ, ತಿಳುವಳಿಕೆ, ಅನ್ವಯ, ವಿಶ್ಲೇಷಣೆ, ಮೌಲ್ಯಮಾಪನ, ಸೃಷ್ಟಿ ಎಂಬ ಆರು ಮಟ್ಟ ಬಿ.ಇಡಿ. ಮಾಡಿದ ಎಲ್ಲರಿಗೂ ಗೊತ್ತು. ಗೊತ್ತಿರುವುದನ್ನು ತರಗತಿಗೆ ಇಳಿಸುವುದು ಹೇಗೆಂದು ನೋಡೋಣ.

ಮೊದಲು ಪಾಠದ ಒಂದೇ ವಸ್ತು ಹಿಡಿಯಿರಿ. ನಮಗೆ ಊರ ಪಕ್ಕದ ಮಸ್ಕಿ ಶಾಸನದ ಕಲ್ಲೇ ಇದೆ. ಅದರ ಸಂಗತಿಗಳನ್ನು ಹಾಳೆಯ ಎಡಕ್ಕೆ ಬರೆಯಿರಿ: 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಂಡದ್ದು, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ತಾನು ಎರಡೂವರೆ ವರ್ಷಕ್ಕೂ ಮಿಕ್ಕಿ ಉಪಾಸಕನಾಗಿದ್ದೇನೆ ಎಂದು ರಾಜ ಹೇಳಿಕೊಂಡಿರುವುದು, ಧರ್ಮದಲ್ಲಿ ತೊಡಗಿದರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಗುರಿ ಮುಟ್ಟಬಲ್ಲರು ಎಂದಿರುವುದು.

ಈ ಎಡಭಾಗದಿಂದ ಎರಡು ಮೂರು ಸ್ಮರಣೆಯ ಪ್ರಶ್ನೆ ಮಾಡಿ. ಇವನ್ನು ಕೀಳೆಂದು ಬಿಡಬೇಡಿ. ಲಿಪಿ ಯಾವುದು, ಭಾಷೆ ಯಾವುದು ಎಂಬುದೇ ತಿಳಿಯದ ಮಗು ಮುಂದಿನ ಪ್ರಶ್ನೆಗೆ ಗಾಳಿಯಲ್ಲಿ ಗುದ್ದುತ್ತದೆ. ಬಳಿಕ, ರಾಜ ಹೇಳಿದ್ದನ್ನು ನಿನ್ನ ಅಜ್ಜಿಗೆ ಅರ್ಥವಾಗುವಂತೆ ನಿನ್ನ ಮಾತಲ್ಲೇ ಹೇಳು ಎನ್ನಿ. ಆಡುಮಾತಿನಲ್ಲಿ ಹೇಳಿದರೆ ತಿದ್ದಬೇಡಿ. ಇದು ತಿಳುವಳಿಕೆ. ಅನ್ವಯಕ್ಕೆ: ‘ನಿಮ್ಮೂರ ಗುಡಿಯ ಹಿಂದೆ ಬರಹವಿರುವ ಕಲ್ಲು ಸಿಕ್ಕಿತು. ಅದರ ಕಾಲ ತಿಳಿಯಲು ಏನೇನು ನೋಡುತ್ತೀ?’

ಹೆಚ್ಚಿನವರು ಎಡವುವುದು ಇಲ್ಲಿಂದ ಮುಂದೆ. ‘ಏಕೆ’, ‘ವಿಶ್ಲೇಷಿಸಿ’, ‘ವಿಮರ್ಶಿಸಿ’ ಎಂಬ ಪದ ಅಂಟಿಸಿದರೆ ಪ್ರಶ್ನೆ ಮೇಲೇರಿತು ಎಂದು ನಂಬುತ್ತಾರೆ. ಮಟ್ಟ ಇರುವುದು ಪದದಲ್ಲಲ್ಲ, ಉತ್ತರ ಎಲ್ಲಿಂದ ಬರುತ್ತದೆ ಎಂಬುದರಲ್ಲಿ. ಪ್ರಶ್ನೆ ಬರೆದ ಕೂಡಲೇ ನಿರೀಕ್ಷಿತ ಉತ್ತರವನ್ನೂ ಬರೆಯಿರಿ. ಆಮೇಲೆ ಪಠ್ಯ, ಗೈಡ್, ನೀವೇ ಬರೆಸಿದ ನೋಟ್ಸ್ ಮೂರನ್ನೂ ತೆರೆಯಿರಿ. ಆ ಸಾಲು ಅಲ್ಲಿದ್ದರೆ ಪ್ರಶ್ನೆ ಸ್ಮರಣೆಯದೇ. ನೋಟ್ಸನ್ನು ಮರೆಯುವವರೇ ಹೆಚ್ಚು. ನಾನೂ ಒಮ್ಮೆ ಒಳ್ಳೆಯ ಪ್ರಶ್ನೆಯೊಂದನ್ನು ತರಗತಿಯಲ್ಲಿ ಚರ್ಚಿಸಿ, ಉತ್ತರವನ್ನು ಕಪ್ಪುಹಲಗೆಯ ಮೇಲೆ ಬರೆಸಿ, ಮುಂದಿನ ಘಟಕ ಪರೀಕ್ಷೆಗೆ ಅದನ್ನೇ ಕೊಟ್ಟೆ. ನಲವತ್ತು ಉತ್ತರ, ಒಂದೇ ವಾಕ್ಯ.

ಸರಿಪಡಿಸುವ ದಾರಿ, ಮಗುವಿಗೆ ಹೊಸದೊಂದು ಸಂಗತಿ ಕೊಟ್ಟು ಕೇಳುವುದು. ‘ಮಸ್ಕಿ ಕಲ್ಲು ಸಿಗುವ ಮೊದಲು ಕಂಡಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿದ್ದವು. ಆ ರಾಜ ಅಶೋಕನೇ ಇರಬೇಕೆಂದು ವಿದ್ವಾಂಸರು ಸಿಂಹಳದ ಗ್ರಂಥಗಳ ನೆರವಿನಿಂದ ಹೇಳಿದ್ದರು. ಹಾಗಿದ್ದರೆ ಈ ಕಲ್ಲು ಹೊಸದಾಗಿ ಏನು ಕೊಟ್ಟಿತು?’ ಊಹೆಗೂ ಪುರಾವೆಗೂ ಇರುವ ಅಂತರವನ್ನು ಮಗು ತಾನೇ ಹುಡುಕಬೇಕು. ಇದು ವಿಶ್ಲೇಷಣೆ. ಇನ್ನೊಂದು, ನನಗೆ ಬಹಳ ಇಷ್ಟವಾದದ್ದು: ‘ತುಂಗಭದ್ರೆಯಾಚೆ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲೂ ಅಶೋಕನ ಹೆಸರುಳ್ಳ ಶಾಸನಗಳು ಆಮೇಲೆ ಸಿಕ್ಕಿವೆ. ಈಗ ಮಸ್ಕಿಯ ಮಹತ್ವ ಕಡಿಮೆಯಾಯಿತೇ?’ ಹೌದು ಎಂದವರಿಗೂ ಅಲ್ಲ ಎಂದವರಿಗೂ ಅಂಕ ಸಿಗಬೇಕು. ಅಂಕ ಕಾರಣಕ್ಕೆ, ತೀರ್ಪಿಗಲ್ಲ. ಇದನ್ನು ಮಾದರಿ ಉತ್ತರದಲ್ಲೇ ಬರೆದಿಡದಿದ್ದರೆ ತಿದ್ದುವಾಗ ನಮಗೊಪ್ಪಿದ ಉತ್ತರಕ್ಕೇ ಕೈ ವಾಲುತ್ತದೆ.

ಅನುಭವದಿಂದ ಒಂದು ಎಚ್ಚರಿಕೆ: ‘ನೀನು ಅಶೋಕನಾಗಿದ್ದರೆ?’ ಎಂಬಂಥವನ್ನು ಸೃಷ್ಟಿಯ ಹೆಸರಲ್ಲಿ ಕೊಡಬೇಡಿ. ಏನು ಬರೆದರೂ ನಡೆಯುತ್ತದೆ, ಪಾಠ ಓದುವ ಅಗತ್ಯವೇ ಬೀಳುವುದಿಲ್ಲ. ಬದಲು, ‘ಶಾಸನವಿರುವ ಗುಡ್ಡಕ್ಕೆ ಬರುವ ಪ್ರವಾಸಿಗರಿಗೆ ಐದು ಸಾಲಿನ ಫಲಕ ಬರೆ, ಅದರಲ್ಲಿ ಶಾಸನದ ಎರಡು ಸಂಗತಿ ಇರಲೇಬೇಕು’ ಎನ್ನಿ.

ತರಗತಿಯಲ್ಲಿ ಕೇಳುವಾಗ ಪ್ರಶ್ನೆ ಮೊದಲು, ಹೆಸರು ಆಮೇಲೆ. ಹೆಸರು ಕರೆದರೆ ಉಳಿದವರು ಯೋಚನೆ ಬಿಡುತ್ತಾರೆ. ಕೇಳಿದ ಮೇಲೆ ಕನಿಷ್ಠ ಮೂರು ಸೆಕೆಂಡ್ ಸುಮ್ಮನಿರಿ. ಒಂದು ಅವಧಿಗೆ ಇಂಥ ಮೇಲ್ಮಟ್ಟದ ಪ್ರಶ್ನೆ ಒಂದು ಅಥವಾ ಎರಡು ಸಾಕು. ಅವನ್ನು ಹಿಂದಿನ ರಾತ್ರಿಯೇ ಪಾಠಯೋಜನೆಯಲ್ಲಿ ಬರೆದುಕೊಳ್ಳಿ.