ಕೆವ್ಲಾರ್ ಬಟ್ಟೆ ದೋಣಿಯ ಒಳಗೋ, ಹೊರಗೋ?

ಕಳೆದ ಮಳೆಗಾಲ ಮುಗಿದ ಮೇಲೆ ನನ್ನ ಮಾಮ ಮನೆಯಂಗಳದಲ್ಲಿ ಒಂದು ದೋಣಿ ಕಟ್ಟಲು ಶುರು ಮಾಡಿದರು. ನೇತ್ರಾವತಿಯಲ್ಲಿ ಮರುವಾಯಿ ಹೆಕ್ಕಲು, ಗಾಳ ಹಾಕಲು ಮೂವರು ಕೂರುವಷ್ಟು ಚಿಕ್ಕ ದೋಣಿ. ಅವರ ಹಳೆಯ ದೋಣಿ ಅದರ ಹಿಂದಿನ ವರ್ಷ ನೀರಿನಡಿಯ ಕಲ್ಲಿಗೆ ಬಡಿದು ತಳ ಸೀಳಿಹೋಗಿತ್ತು. ಆ ದಿನ ಮಾಮನ ಜೊತೆ ನನ್ನ ತಮ್ಮನೂ ಇದ್ದ. ಅವನಿಗೆ ಈಜು ಬರುತ್ತಿರಲಿಲ್ಲ. ದಡ ಹತ್ತಿರವಿದ್ದುದರಿಂದ ಇಬ್ಬರೂ ಪಾರಾದರು. ಅಂದಿನಿಂದ ಉಮ್ಮ, “ಇನ್ನು ಮಕ್ಕಳನ್ನು ದೋಣಿ ಹತ್ತಿಸಬೇಡ” ಎಂದು ತಮ್ಮನಿಗೆ, ಅಂದರೆ ಮಾಮನಿಗೆ, ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಹಾಗಾಗಿ ಹೊಸ ದೋಣಿಯ ತಳ ಗಟ್ಟಿಯಾಗಲೇಬೇಕಿತ್ತು.

ಮಾಮ ಕೆಲವು ವರ್ಷ ಗಲ್ಫ್‌ನಲ್ಲಿ ದೋಣಿ ಕಟ್ಟುವ ಕಡೆ ಕೆಲಸ ಮಾಡಿದವರು. ಬರುವಾಗ ಒಂದು ಸುರುಳಿ ಹಳದಿ ಬಟ್ಟೆ ತಂದಿದ್ದರು. ಅದೇ ಕೆವ್ಲಾರ್. ಹೆಸರು ಕೇಳಿದ ಕೂಡಲೇ ನನಗೆ ಗುಂಡು ನಿರೋಧಕ ಅಂಗಿ ನೆನಪಾಯಿತು. “ಮಾಮ, ಇದನ್ನು ಹೊರಗಡೆಯೇ ಅಂಟಿಸಿ, ಕಲ್ಲು ತಾಗುವುದು ಹೊರಗಲ್ಲವಾ?” ಎಂದೆ. ಅವರು ನಕ್ಕು, “ಇಲ್ಲ ಮೋನೇ, ಇದು ಒಳಗೆ. ಹೊರಗೆ ಗ್ಲಾಸ್ ಬಟ್ಟೆ” ಎಂದರು. ನಾನು ಒಪ್ಪಲಿಲ್ಲ. ವಿಜ್ಞಾನ ಓದುತ್ತಿರುವವನು ನಾನಲ್ಲವೇ!

ಕೆವ್ಲಾರ್ ಅಂದರೆ ಏನೆಂದು ಮೊದಲು ನೋಡೋಣ. ಅಮೆರಿಕದ ಡ್ಯುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೊಲೆಕ್ 1965ರಲ್ಲಿ ಕಂಡುಹಿಡಿದ ನೂಲು ಇದು. ನೈಲಾನ್‌ನಂತೆ ಇದೂ ಪಾಲಿಅಮೈಡ್. ಆದರೆ ನೈಲಾನ್ ಸರಪಣಿ ಬಳುಕುತ್ತದೆ. ಕೆವ್ಲಾರ್ ಸರಪಣಿಯಲ್ಲಿ ಬೆಂಜೀನ್ ಉಂಗುರಗಳಿರುವುದರಿಂದ ಅದು ಕೋಲಿನಂತೆ ನೆಟ್ಟಗಿರುತ್ತದೆ. ಪಕ್ಕಪಕ್ಕದ ಸರಪಣಿಗಳನ್ನು ಹೈಡ್ರೋಜನ್ ಬಂಧಗಳು ಹಿಡಿದಿಡುತ್ತವೆ. ಆದ್ದರಿಂದ ಉದ್ದಕ್ಕೆ ಎಳೆದರೆ ಅದು ಸುಲಭಕ್ಕೆ ತುಂಡಾಗದು. ಅದರ ಸಾಂದ್ರತೆ ಸುಮಾರು 1.44, ಗಾಜಿನ ನೂಲಿನದು 2.5ಕ್ಕೂ ಹೆಚ್ಚು, ಉಕ್ಕಿನದು 7.8. ಒಂದೇ ತೂಕದಲ್ಲಿ ಹೋಲಿಸಿದರೆ ಉಕ್ಕಿಗಿಂತ ಐದು ಪಟ್ಟು ಬಲ ಎಂದು ಹೇಳುವುದು ಇದೇ ಲೆಕ್ಕದಲ್ಲಿ.

ಆದರೆ ಈ ಬಲವೆಲ್ಲ ಎಳೆತಕ್ಕೆ. ಒತ್ತಿದರೆ ಅದೇ ನೂಲು ಮಡಚಿಕೊಳ್ಳುತ್ತದೆ. ಎಪಾಕ್ಸಿಯಲ್ಲಿ ಕೂರಿಸಿದ ಕೆವ್ಲಾರ್ ಎಳೆತದಲ್ಲಿ ತಡೆಯುವುದರ ಸುಮಾರು ಐದನೇ ಒಂದು ಭಾಗವನ್ನು ಮಾತ್ರ ಒತ್ತುವಿಕೆಯಲ್ಲಿ ತಡೆಯುತ್ತದೆ. ಮಾಮ ಹೇಳಿದ್ದರ ಗುಟ್ಟು ಇಲ್ಲಿತ್ತು.

ಇದನ್ನು ನೀವೇ ಪರೀಕ್ಷಿಸಬಹುದು. ಥರ್ಮಾಕೋಲ್‌ನ ಎರಡು ಉದ್ದನೆಯ ಪಟ್ಟಿ ಕತ್ತರಿಸಿ. ಎರಡಕ್ಕೂ ಒಂದು ಬದಿಗೆ ಮಾತ್ರ ಪ್ಯಾಕಿಂಗ್ ಟೇಪ್ ಅಂಟಿಸಿ. ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇಡಿ, ಒಂದರ ಟೇಪ್ ಮೇಲೆ, ಇನ್ನೊಂದರದ್ದು ಕೆಳಗೆ. ನಡುವೆ ಬೆರಳಿನಿಂದ ಒತ್ತಿ. ಟೇಪ್ ಮೇಲಿರುವುದು ಟಪ್ಪೆಂದು ಮುರಿಯುತ್ತದೆ. ಟೇಪ್ ಇದ್ದೂ ಇಲ್ಲದಂತೆ. ಕೆಳಗಿರುವುದು ಬಾಗುತ್ತದೆ, ಆದರೆ ಬೇಗ ಮುರಿಯುವುದಿಲ್ಲ. ಬಾಗಿದ ಪಟ್ಟಿಯಲ್ಲಿ ಬೆರಳು ತಾಗಿದ ಬದಿ ಒತ್ತಿಕೊಳ್ಳುತ್ತದೆ, ಅದರ ಎದುರು ಬದಿ ಹಿಗ್ಗುತ್ತದೆ. ಮುರಿತ ಶುರುವಾಗುವುದು ಹಿಗ್ಗುವ ಬದಿಯಲ್ಲಿ.

ಈಗ ಬೆರಳಿನ ಜಾಗದಲ್ಲಿ ಹೊಳೆಯ ಕಲ್ಲನ್ನು ಇಟ್ಟು ನೋಡಿ. ಕಲ್ಲು ಹೊರಗಿನಿಂದ ಬಡಿದಾಗ ತಳ ಒಳಕ್ಕೆ ಬಾಗುತ್ತದೆ. ಹಿಗ್ಗುವುದು ದೋಣಿಯ ಒಳಮೈ. ಎಳೆತಕ್ಕೆ ಹೆಸರಾದ ಬಟ್ಟೆ ಅಲ್ಲಿರಬೇಕು. ಆ ಸಂಜೆ ಮುರಿದ ಥರ್ಮಾಕೋಲ್ ತುಂಡು ಹಿಡಿದು ಮಾಮನ ಮುಂದೆ ನಿಂತೆ. ಅವರು ಏನೂ ಹೇಳದೆ ನನ್ನ ಕೈಗೆ ಬ್ರಷ್ ಕೊಟ್ಟರು.

ಕೆಲಸ ನಡೆದದ್ದು ಹೀಗೆ. ಮೆರೈನ್ ಪ್ಲೈವುಡ್ ತುಂಡುಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದುಗಳಿಗೆ ಎಪಾಕ್ಸಿ ತುಂಬಿ, ಗ್ಲಾಸ್ ಪಟ್ಟಿ ಅಂಟಿಸಿದೆವು. ಇಂಗ್ಲೆಂಡಿನಲ್ಲಿ 1963ರಲ್ಲಿ ಬಂದ ‘ಮಿರರ್’ ಎಂಬ ಹಾಯಿದೋಣಿ ಈ ಹೊಲಿಗೆ ವಿಧಾನವನ್ನು ಸಾಮಾನ್ಯ ಜನರ ಮನೆಗೆ ತಲುಪಿಸಿತು. ನಂತರ ಒಳತಳಕ್ಕೆ ಎಪಾಕ್ಸಿ ಬಳಿದು ಕೆವ್ಲಾರ್ ಹಾಸಿದೆವು.

ಈ ಬಟ್ಟೆಯ ಹಟ ಆಗ ಗೊತ್ತಾಯಿತು. ಉಮ್ಮನ ಹೊಲಿಗೆ ಕತ್ತರಿ ಅದನ್ನು ಕತ್ತರಿಸದೆ ಜಗಿಯಿತು. ಕತ್ತರಿಸುವ ಗೆರೆಯ ಮೇಲೆ ಟೇಪ್ ಅಂಟಿಸಿ, ಹೊಸ ಹರಿತವಾದ ಕತ್ತರಿ ಬಳಸಬೇಕಾಯಿತು. ಗ್ಲಾಸ್ ಬಟ್ಟೆ ಎಪಾಕ್ಸಿ ಕುಡಿದಾಗ ಪಾರದರ್ಶಕವಾಗಿ ಅಡಿಯ ಮರ ಕಾಣುತ್ತದೆ. ಕೆವ್ಲಾರ್ ಹಳದಿಯಾಗಿಯೇ ಉಳಿಯುವುದರಿಂದ ಎಲ್ಲಿ ಒಣಗಿದೆ, ಎಲ್ಲಿ ಗಾಳಿ ಸಿಕ್ಕಿದೆ ಎಂದು ಕಣ್ಣಿಗೆ ತಿಳಿಯದು. ನಿಧಾನವಾಗಿ ಒತ್ತಿ ಒತ್ತಿ ಬಳಿಯಬೇಕು. ಒಣಗಿದ ಮೇಲೆ ಉಜ್ಜು ಕಾಗದ ಹಾಕಿದರೆ ಹತ್ತಿಯಂತೆ ನೂಲೇಳುತ್ತದೆ. ಅದಕ್ಕೇ ಅದರ ಮೇಲೊಂದು ತೆಳು ಗ್ಲಾಸ್ ಬಟ್ಟೆ ಹೊದಿಸಿದೆವು. ಉಜ್ಜುವುದೇನಿದ್ದರೂ ಅದನ್ನೇ. ಅಂಚುಗಳನ್ನು ಎಪಾಕ್ಸಿ ಅರೆಗಟ್ಟಿಯಾದಾಗ ಬ್ಲೇಡಿನಿಂದ ಕೊಯ್ದು, ನೀರು ಹೀರದಂತೆ ಮುಚ್ಚಿದೆವು. ಬಿಸಿಲು ಕೆವ್ಲಾರ್ ಅನ್ನು ದುರ್ಬಲಗೊಳಿಸುವುದರಿಂದ ಕೊನೆಗೆ ಬಣ್ಣ. ಹೊರಮೈಗೆ ಗ್ಲಾಸ್ ಬಟ್ಟೆ: ಮರಳಿಗೆ ಸವೆದರೆ ಅದನ್ನು ಉಜ್ಜಿ ಮತ್ತೆ ಬಳಿಯುವುದು ಸುಲಭ. ಎಪಾಕ್ಸಿ ಮುಟ್ಟುವಾಗ ಕೈಗವಸು, ಉಜ್ಜುವಾಗ ಮಾಸ್ಕ್ ಕಡ್ಡಾಯ; ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಹಾಗಾದರೆ ದೋಣಿ ಇನ್ನು ಒಡೆಯುವುದೇ ಇಲ್ಲವೇ? ನಾನೂ ಕೇಳಿದೆ. ಮಾಮ ಹೇಳಿದರು: “ಜೋರಾಗಿ ಬಡಿದರೆ ಮರ ಬಿರುಕು ಬಿಡುತ್ತದೆ. ಬಟ್ಟೆ ಅದನ್ನು ಬಾಯಿ ಬಿಡದಂತೆ ಹಿಡಿದುಕೊಳ್ಳುತ್ತದೆ. ದಡ ಸೇರುವಷ್ಟು ಹೊತ್ತು ಸಿಕ್ಕರೆ ಸಾಕಲ್ಲ?” ಈ ಬಟ್ಟೆ ದುಬಾರಿ, ರಿಪೇರಿಯೂ ಕಷ್ಟ. ಕಲ್ಲಿಲ್ಲದ ನೀರಿನಲ್ಲಿ ಓಡಿಸುವವರಿಗೆ ಇನ್ನೊಂದು ಪದರ ಗ್ಲಾಸ್ ಬಟ್ಟೆಯೇ ಸಾಕು ಎಂದೂ ಅವರೇ ಹೇಳಿದರು.

ನಾನು ಕಲಿತದ್ದು ಇಷ್ಟು: ಒಂದು ವಸ್ತು ಎಷ್ಟು ಬಲಶಾಲಿ ಎಂದು ಕೇಳಿದರೆ ಸಾಲದು, ಯಾವ ಬಗೆಯ ಬಲಕ್ಕೆ ಎಂದೂ ಕೇಳಬೇಕು. ಪರೀಕ್ಷೆಗೆ ಬರೆಯುವ ಎಳೆತ, ಒತ್ತುವಿಕೆ ಎಂಬ ಪದಗಳು ನಮ್ಮ ಅಂಗಳದಲ್ಲೇ ಇವೆ.

ಉಮ್ಮ ದೋಣಿಯನ್ನು ಒಂದು ಸುತ್ತು ನೋಡಿ, ತಳವನ್ನು ಕೈಯಿಂದ ತಟ್ಟಿದರು. ಅನುಮತಿ ಕೊಟ್ಟರು, ಎರಡು ಷರತ್ತಿನ ಮೇಲೆ. ಲೈಫ್ ಜಾಕೆಟ್ ಇಲ್ಲದೆ ಯಾರೂ ಹತ್ತಬಾರದು. ತಮ್ಮ ಮೊದಲು ಈಜು ಕಲಿಯಬೇಕು. ಅವನೀಗ ಕಲಿಯುತ್ತಿದ್ದಾನೆ.